ಸುಮ್ಮನಿದ್ದಾಗ ಮಾತ್ರ ರೀಸ್ಟಾರ್ಟ್ ಆಗುವ ಕಂಪ್ಯೂಟರ್

ಗಂಟೆಗಟ್ಟಲೆ ಗೇಮ್ ಆಡಿದರೂ ಅಲುಗದ ಡೆಸ್ಕ್‌ಟಾಪ್, ಊಟ ಮುಗಿಸಿ ಬರುವಷ್ಟರಲ್ಲಿ ತಾನಾಗಿಯೇ ರೀಸ್ಟಾರ್ಟ್ ಆಗಿ ಲಾಗಿನ್ ಪರದೆ ತೋರಿಸುತ್ತಾ ಕೂತಿರುತ್ತದೆ. ಹೆಚ್ಚಿನವರಿಗೆ ಮೊದಲು ಅನುಮಾನ ಬರುವುದು ಬಿಸಿಯ ಮೇಲೆ. ಫ್ಯಾನಿನ ಧೂಳು ತೆಗೆಯುತ್ತಾರೆ, ಥರ್ಮಲ್ ಪೇಸ್ಟ್ ಬದಲಿಸುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ. ಬಿಸಿಯಿಂದ ಕೈಕೊಡುವ ಯಂತ್ರ ಸಾಮಾನ್ಯವಾಗಿ ಕೈಕೊಡುವುದು ಕೆಲಸದ ಹೊರೆ ಏರಿದಾಗ. ಸುಮ್ಮನಿದ್ದಾಗ ಮಾತ್ರ ಬೀಳುವ ಯಂತ್ರದ ಕಾಯಿಲೆ ಬೇರೆ.

ಪರದೆಯ ಮೇಲೆ ಏನೂ ನಡೆಯದಿದ್ದಾಗ ಒಳಗೂ ಎಲ್ಲ ತಣ್ಣಗಿದೆ ಅನ್ನಿಸುತ್ತದೆ. ಆದರೆ ಕೆಲಸ ಇಲ್ಲವಾದ ಕೂಡಲೇ ಪ್ರೊಸೆಸರ್ ತನ್ನ ಕೋರ್‌ಗಳನ್ನು, ಅಂದರೆ ಲೆಕ್ಕ ಮಾಡುವ ಘಟಕಗಳನ್ನು, ಮಲಗಿಸಲು ಶುರುಮಾಡುತ್ತದೆ. ಈ ನಿದ್ರೆಯ ಹಂತಗಳಿಗೆ ಸಿ-ಸ್ಟೇಟ್ ಎಂದು ಹೆಸರು. ಸಿ1ರಲ್ಲಿ ಕೋರ್ ಬರೀ ಕೆಲಸ ನಿಲ್ಲಿಸಿ ನಿಂತಿರುತ್ತದೆ. ಸಿ6ರಲ್ಲಾದರೆ ತನ್ನಲ್ಲಿದ್ದ ಮಾಹಿತಿಯನ್ನು ಬೇರೆಡೆ ಎತ್ತಿಟ್ಟ ಮೇಲೆ ಕೋರ್‌ಗೆ ಹೋಗುವ ವಿದ್ಯುತ್ತೂ ಹೆಚ್ಚುಕಮ್ಮಿ ನಿಂತೇಹೋಗುತ್ತದೆ. ಅಷ್ಟರಲ್ಲಿ ಮೌಸ್ ಅಲುಗಿತು, ಹಿನ್ನೆಲೆಯ ಯಾವುದೋ ಪ್ರೋಗ್ರಾಂಗೆ ಎಚ್ಚರವಾಯಿತು ಎಂದರೆ ಕಣ್ಣುಮಿಟುಕಿಸುವುದಕ್ಕೂ ಬಹಳ ಮೊದಲೇ ಎದ್ದು ಪೂರ್ತಿ ವೇಗಕ್ಕೆ ಜಿಗಿಯಬೇಕು. ಒಂದೊಂದು ಸಲವೂ ವೋಲ್ಟೇಜ್ ಇಳಿದು ಏರುತ್ತದೆ. ಇಡೀ ದಿನ ಒಂದೇ ಹದದಲ್ಲಿ ದುಡಿಯುವುದಕ್ಕಿಂತ ಈ ಮಲಗಿ ಏಳುವ ಆಟವೇ ವಿದ್ಯುತ್ ಪೂರೈಕೆಗೆ ಕಠಿಣ ಪರೀಕ್ಷೆ.

ಆದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಇದು ದೋಷವೇ ಹೌದಾ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಮ್ ಪಟ್ಟಿಯಲ್ಲಿ ರೀಸ್ಟಾರ್ಟ್ ಆದ ಹೊತ್ತಿಗೆ ಹೋಗಿ. ಅಲ್ಲಿ 1074 ಎಂಬ ಸಂಖ್ಯೆ ಕಂಡರೆ ಯಾವುದೋ ಪ್ರೋಗ್ರಾಂ ಕೇಳಿಯೇ ಯಂತ್ರವನ್ನು ರೀಸ್ಟಾರ್ಟ್ ಮಾಡಿಸಿದೆ ಎಂದರ್ಥ. ಯಾವ ಪ್ರೋಗ್ರಾಂ ಎಂಬುದೂ ಅದರಲ್ಲೇ ಬರೆದಿರುತ್ತದೆ. ಬಹಳ ಸಲ ಅದು ವಿಂಡೋಸ್ ಅಪ್‌ಡೇಟ್. ಆಗ ಆ್ಯಕ್ಟಿವ್ ಅವರ್ಸ್ (ಅಪ್‌ಡೇಟ್ ತಾನಾಗಿ ರೀಸ್ಟಾರ್ಟ್ ಮಾಡಬಾರದ ಹೊತ್ತು) ಹೊಂದಿಸಿಕೊಂಡರೆ ಸಾಕು.

41 ಎಂಬ ಸಂಖ್ಯೆಯ ಕರ್ನಲ್-ಪವರ್ ದಾಖಲೆ ಕಂಡವರು ಎಡವುವುದು ಇಲ್ಲೇ. ಹೆಸರಿನಲ್ಲಿ ಪವರ್ ಎಂದಿದೆ ಅಂತ ನೇರವಾಗಿ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ ಪವರ್ ಸಪ್ಲೈ) ಬದಲಿಸಿಬಿಡುತ್ತಾರೆ. ಈ ದಾಖಲೆ ಬರೆಯಲ್ಪಡುವುದು ಯಂತ್ರ ಮತ್ತೆ ಎದ್ದ ಮೇಲೆ. ‘ಹಿಂದಿನ ಸಲ ಸರಿಯಾಗಿ ಮುಚ್ಚಲಿಲ್ಲ’ ಎನ್ನುವುದಷ್ಟೇ ಅದರ ಸಾರ. ಅದು ಪರಿಣಾಮ, ಕಾರಣ ಅಲ್ಲ. ಅದರ ಡೀಟೇಲ್ಸ್ ಭಾಗದಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲು ಹುಡುಕಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದು ಹೋಗಿದೆ, ನೀವು ನೋಡಿಲ್ಲ ಅಷ್ಟೆ. ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬ ಗುರುತು ತೆಗೆದುಬಿಟ್ಟರೆ ಮುಂದಿನ ಸಲ ಆ ಪರದೆ ನಿಂತಿರುತ್ತದೆ. ಡ್ರೈವರ್ ದೋಷವೋ ಡಿಸ್ಕ್ ದೋಷವೋ ಎಂಬ ಸುಳಿವು ಅದರಲ್ಲೇ ಸಿಗುತ್ತದೆ. ಸೊನ್ನೆ ಇದ್ದರೆ ವಿಂಡೋಸ್‌ಗೆ ಒಂದು ಅಕ್ಷರ ಬರೆಯಲೂ ಪುರುಸೊತ್ತು ಸಿಕ್ಕಿಲ್ಲ: ವಿದ್ಯುತ್ ಹೋಯಿತು, ಇಲ್ಲವೇ ರೀಸೆಟ್ ಸಂಕೇತ ಬಂತು, ಇಲ್ಲವೇ ಪ್ರೊಸೆಸರ್ ತಾನೇ ಕುಸಿಯಿತು. ಪಕ್ಕದಲ್ಲೇ ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಮೂಲದಿಂದ 18ನೇ ಸಂಖ್ಯೆಯ ದಾಖಲೆ ಇದ್ದರೆ ಮೂರನೆಯದರ ಕಡೆ ಕೈ ತೋರಿಸಬಹುದು. ಅದು ಪ್ರೊಸೆಸರ್ ತನ್ನ ತಪ್ಪನ್ನು ತಾನೇ ಹೇಳಿಕೊಂಡ ದಾಖಲೆ.

ಮೊದಲ ಎರಡನ್ನು ಬೇರ್ಪಡಿಸಲು ಕಾಸು ಖರ್ಚಿಲ್ಲದ ಉಪಾಯ ಇದೆ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ‘ಎಸಿ ಪವರ್ ಲಾಸ್’ ಎಂಬ ಹೆಸರಿನ ಆಯ್ಕೆ ಇರುತ್ತದೆ. ಅದನ್ನು ‘ಪವರ್ ಆಫ್’ಗೆ ಇಡಿ. ಗೋಡೆಯ ಕರೆಂಟೋ ಯುಪಿಎಸ್ಸೋ ಕೈಕೊಡುತ್ತಿದ್ದರೆ ಇನ್ನು ಮುಂದೆ ಯಂತ್ರ ಆರಿಹೋಗಿ ಹಾಗೇ ಬಿದ್ದಿರುತ್ತದೆ. ಆದರೂ ತಾನಾಗಿ ಎದ್ದು ಕೂರುತ್ತಿದ್ದರೆ ಗೋಡೆಯ ಕಡೆ ಹೆಚ್ಚು ನೋಡಬೇಕಿಲ್ಲ, ತೊಂದರೆ ಬಹುತೇಕ ಡಬ್ಬಿಯ ಒಳಗಿದೆ.

ಒಳಗೆ ಮೊದಲು ನೋಡಬೇಕಾದದ್ದು ರೀಸೆಟ್ ಬಟನ್. ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ತೆಳ್ಳನೆ ಎರಡು ತಂತಿ, ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಕನೆಕ್ಟರ್, ಮದರ್‌ಬೋರ್ಡಿನ ಮೂಲೆಯ ಎರಡು ಪಿನ್‌ಗೆ ಸಿಕ್ಕಿಸಿರುತ್ತಾರೆ. ಆ ಎರಡು ಪಿನ್ ಒಂದಕ್ಕೊಂದು ತಾಗಿದರೆ ಮದರ್‌ಬೋರ್ಡಿಗೆ ಅದು ರೀಸೆಟ್ ಆಜ್ಞೆ. ಸವೆದ ಸ್ಪ್ರಿಂಗ್, ಕಿತ್ತುಹೋದ ತಂತಿಯ ಹೊದಿಕೆ ಇಷ್ಟರಿಂದಲೇ ಹೀಗಾಗಬಹುದು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಆ ಕನೆಕ್ಟರನ್ನು ಎಳೆದು ಪಕ್ಕಕ್ಕಿಡಿ. ರೀಸೆಟ್ ಬಟನ್ ಇಲ್ಲದೆ ದಿನನಿತ್ಯದ ಕೆಲಸಕ್ಕೆ ಏನೂ ಅಡ್ಡಿಯಿಲ್ಲ.

ಇನ್ನೊಂದು ಪರೀಕ್ಷೆ: ಬಯಾಸ್ ಪರದೆ ತೆರೆದು ಹಾಗೇ ಬಿಡಿ, ರಾತ್ರಿಯಿಡೀ. ಅಲ್ಲೂ ರೀಸ್ಟಾರ್ಟ್ ಆದರೆ ಆಪರೇಟಿಂಗ್ ಸಿಸ್ಟಮ್ ನಿರಪರಾಧಿ. ಆಗದಿದ್ದರೂ ಕೂಡಲೇ ವಿಂಡೋಸ್ ಮೇಲೆ ತಪ್ಪು ಹೊರಿಸಬೇಡಿ; ಬಯಾಸ್ ಪರದೆಯಲ್ಲಿ ಪ್ರೊಸೆಸರ್ ಸಾಮಾನ್ಯವಾಗಿ ಆಳದ ನಿದ್ರೆಗೆ ಇಳಿಯುವುದೇ ಇಲ್ಲ. ಅಂದರೆ ಸಂಶಯ ಈಗ ಆ ನಿದ್ರೆಯ ಮೇಲೆ ಬರುತ್ತದೆ.

ನಿದ್ರೆಯೇ ಅಪರಾಧಿ ಆದದ್ದಕ್ಕೆ ಉದಾಹರಣೆಗಳಿವೆ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್‌ಗಳು ಬಂದಾಗ ಆಳ ನಿದ್ರೆಯಲ್ಲಿ ಅವು 12 ವೋಲ್ಟ್ ತಂತಿಯಿಂದ ಎಳೆಯುವ ಕರೆಂಟ್ 0.05 ಆಂಪಿಯರ್‌ವರೆಗೂ ಇಳಿಯುವಂತಾಯಿತು. ಕನಿಷ್ಠ 0.5 ಆಂಪಿಯರ್ ಆದರೂ ಎಳೆಯುತ್ತಾರೆ ಎಂದು ಲೆಕ್ಕ ಹಾಕಿ ಮಾಡಿದ್ದ ಹಳೆಯ ಎಸ್‌ಎಂಪಿಎಸ್‌ಗಳಿಗೆ ಇಷ್ಟು ಕಡಿಮೆ ಹೊರೆಯಲ್ಲಿ ವೋಲ್ಟೇಜನ್ನು ಹದದಲ್ಲಿ ಹಿಡಿಯುವುದು ಕಷ್ಟ. 2017ರ ಎಎಮ್‌ಡಿ ಕಂಪನಿಯ ಮೊದಲ ತಲೆಮಾರಿನ ರೈಜನ್ ಪ್ರೊಸೆಸರ್ ಇದ್ದ ಯಂತ್ರಗಳಲ್ಲಿ ಕೆಲವು ಸುಮ್ಮನಿದ್ದಾಗ ಸ್ತಬ್ಧವಾಗುತ್ತಿದ್ದವು. ಬಯಾಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬ ಆಯ್ಕೆಯನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಇಡುವುದು ಅದಕ್ಕೆ ಮದ್ದಾಯಿತು. ನಿಮ್ಮ ಬಯಾಸ್‌ನಲ್ಲಿ ಆ ಆಯ್ಕೆ ಇದ್ದರೆ ಅದನ್ನೇ ಮೊದಲು ಮಾಡಿ. ಇಲ್ಲದಿದ್ದರೆ ಸಿ6ರಂಥ ಆಳದ ಸಿ-ಸ್ಟೇಟ್‌ಗಳನ್ನು ಮುಚ್ಚಿ ನೋಡಿ. ಸುಮ್ಮನಿದ್ದಾಗ ಒಂದಿಷ್ಟು ವ್ಯಾಟ್ ಹೆಚ್ಚು ಹೋಗುತ್ತದೆ, ಅಷ್ಟೇ ನಷ್ಟ.

ಪ್ರೊಸೆಸರಿನ ವೋಲ್ಟೇಜ್ ತಗ್ಗಿಸಿದವರು ಅದನ್ನು ಮೊದಲಿನಂತೆ ಮಾಡಿಯೇ ಮುಂದುವರಿಯಬೇಕು. ‘ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಸ್ಟ್ರೆಸ್ ಟೆಸ್ಟ್ ಗಂಟೆಗಟ್ಟಲೆ ಓಡಿಸಿದ್ದೇನೆ, ಏನೂ ಆಗಲಿಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಎಲ್ಲ ಕೋರ್‌ಗಳೂ ದುಡಿಯುವಾಗ ಪ್ರತಿ ಕೋರಿನ ವೇಗ ತುಸು ಕಡಿಮೆ ಇರುತ್ತದೆ. ಹೊರೆ ಹಗುರಾಗಿ ಒಂದೇ ಕೋರ್ ಎದ್ದಾಗ ಅದು ತನ್ನ ಗರಿಷ್ಠ ವೇಗಕ್ಕೆ ಹಾರುತ್ತದೆ. ತಗ್ಗಿಸಿದ ವೋಲ್ಟೇಜ್ ಸಾಲದೆ ಹೋಗುವುದು ಆ ಕ್ಷಣದಲ್ಲಿ. ರ‍್ಯಾಮ್ ಎಕ್ಸ್‌ಎಂಪಿಯಲ್ಲಿ (ಮೆಮೊರಿಯನ್ನು ಸಾಮಾನ್ಯಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಬಯಾಸ್ ಸೆಟ್ಟಿಂಗ್) ಓಡುತ್ತಿದ್ದರೆ ಅದನ್ನೂ ಆಫ್ ಮಾಡಿ, ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ಓಡಿಸಿ. ಒಂದೇ ಒಂದು ತಪ್ಪು ಕಂಡರೂ ಆ ಸೆಟ್ಟಿಂಗನ್ನೋ ರ‍್ಯಾಮನ್ನೋ ನಂಬಬಾರದು.

ಪ್ರತಿ ಬದಲಾವಣೆಯ ನಂತರ ಎಷ್ಟು ದಿನ ಕಾಯಬೇಕು? ಬಹಳ ಮಂದಿ ದಾರಿ ತಪ್ಪುವುದು ಈ ಪ್ರಶ್ನೆಯಲ್ಲಿ. ಯಂತ್ರ ಸರಾಸರಿ 2 ದಿನಕ್ಕೊಮ್ಮೆ, ಗೊತ್ತುಗುರಿಯಿಲ್ಲದೆ ರೀಸ್ಟಾರ್ಟ್ ಆಗುತ್ತಿದೆ ಅನ್ನಿ. ಏನನ್ನೂ ಸರಿಪಡಿಸದಿದ್ದರೂ 2 ದಿನ ತೊಂದರೆಯಿಲ್ಲದೆ ಕಳೆಯುವ ಸಾಧ್ಯತೆ ಶೇಕಡಾ 37ರಷ್ಟಿದೆ. ಅದು ಬರೀ ಅದೃಷ್ಟ. 6 ದಿನ ಹಾಗೆ ಕಳೆಯುವ ಸಾಧ್ಯತೆ ಸುಮಾರು ಶೇಕಡಾ 5. ಹಾಗಾಗಿ ಹಿಂದಿನ ಸರಾಸರಿ ಅಂತರದ ಮೂರು ಪಟ್ಟಾದರೂ ಕಾಯಿರಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಸ್ಟಾರ್ಟ್ ಆದ ದಿನ ಮತ್ತು ಹೊತ್ತನ್ನು ಬರೆದಿಡಿ.

ಇಷ್ಟಾದರೂ ನಿಲ್ಲದಿದ್ದರೆ ಎಸ್‌ಎಂಪಿಎಸ್. ಮಲ್ಟಿಮೀಟರ್ ಹಿಡಿದು ನೋಡಿದರೆ 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರ ಒಳಗೆ ಇರಬೇಕು. ಅದರಾಚೆ ಇದ್ದರೆ ತೀರ್ಮಾನ ಆದ ಹಾಗೆ. ಒಳಗೇ ಇದ್ದರೂ ಅದನ್ನು ಖುಲಾಸೆ ಮಾಡಬೇಡಿ: ಮಲ್ಟಿಮೀಟರ್ ಸೆಕೆಂಡಿಗೆ ಕೆಲವೇ ಸಲ ಅಳೆಯುತ್ತದೆ, ಒಂದೆರಡು ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್‌ನ ಗೊಂಚಲಿನಲ್ಲಿ 8ನೆಯದು, ಸಾಮಾನ್ಯವಾಗಿ ಬೂದು ಬಣ್ಣದ ತಂತಿ, ‘ವಿದ್ಯುತ್ ಸರಿಯಾಗಿದೆ’ ಎಂಬ ಸಂಕೇತ ಹೊತ್ತಿರುತ್ತದೆ. ಅದು ಕ್ಷಣಮಾತ್ರ ಇಳಿದರೂ ಮದರ್‌ಬೋರ್ಡ್ ಪ್ರೊಸೆಸರನ್ನು ರೀಸೆಟ್‌ಗೆ ತಳ್ಳುತ್ತದೆ. ಗೊತ್ತಿರುವ ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಹಳೆಯದನ್ನು ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು. ಕಳಚಿ ಸಿಕ್ಕಿಸುವ ಕೇಬಲ್ ಇರುವ ಮಾಡೆಲ್ ಆದರೆ ಹೊಸ ಎಸ್‌ಎಂಪಿಎಸ್‌ಗೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ. ಹಳೆಯ ಕೇಬಲ್ ಸರಿಯಾಗಿ ಕೂತರೂ ಆ ತುದಿಯಲ್ಲಿ ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದು ಹಾರ್ಡ್‌ಡಿಸ್ಕ್ ಸುಟ್ಟುಹೋಗಬಹುದು.