ಬೀವರ್ ನಡೆದು ಹೋಗುತ್ತೆ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲಿಗೆ ಹೋಗಬೇಕು?

ಕೆರೆ, ಕೊಳ ನೋಡಿಕೊಳ್ಳೋದು ನನ್ನ ಕೆಲಸ. ಹೋದಲ್ಲೆಲ್ಲ ಒಂದು ಪ್ರಶ್ನೆ ಕೇಳುತ್ತೇನೆ: ಬೀವರ್, ಏರೋಪ್ಲೇನ್ ಚಿಟ್ಟೆ, ಎರಡರಲ್ಲಿ ನೀರು ಬಿಟ್ಟಿರಲಾರದ್ದು ಯಾವುದು? ಮಕ್ಕಳು, ದೊಡ್ಡವರು, ಎಲ್ಲರದ್ದೂ ಒಂದೇ ಉತ್ತರ. ಬೀವರ್! ಟಿವಿಯಲ್ಲಿ ಅದು ಅಣೆಕಟ್ಟು ಕಟ್ಟೋದನ್ನು ನೋಡಿದ್ದಾರಲ್ವಾ.

ಬೀವರ್ ಅಮೆರಿಕ, ಯುರೋಪಿನ ಕಡೆಯದು, ಇಲಿಯ ಬಳಗ. ಮುಳುಗಿದರೆ ಹದಿನೈದು ನಿಮಿಷ ಉಸಿರು ಹಿಡಿಯಬಲ್ಲದು. ಆದರೆ ಹಿಡಿಯೋದು ಉಸಿರನ್ನೇ, ನಮ್ಮ ಹಾಗೆ. ಕೊಳ ಬತ್ತಿದರೆ ಎದ್ದು ಇನ್ನೊಂದು ತೊರೆ ಹುಡುಕಿಕೊಂಡು ನಡೆಯುತ್ತೆ.

ಏರೋಪ್ಲೇನ್ ಚಿಟ್ಟೆಯ ಮರಿಗೆ ಆ ಭಾಗ್ಯ ಇಲ್ಲ. ಅದರ ಕಿವಿರು ಇರೋದು ಹೊಟ್ಟೆಯ ಹಿಂಭಾಗದ ಒಳಗೆ. ಹಿಂದಿನಿಂದಲೇ ನೀರು ಎಳೆದು, ಹಿಂದಿನಿಂದಲೇ ಬಿಟ್ಟು ಉಸಿರಾಡುತ್ತೆ. ಹೆದರಿದರೆ ಅದೇ ನೀರನ್ನು ಚಿಮ್ಮಿ ಮುಂದಕ್ಕೆ ಹಾರುತ್ತೆ. ಶಾಲೆಗಳಲ್ಲಿ ಇದನ್ನು ಹೇಳಿದರೆ ಐದು ನಿಮಿಷ ಪಾಠ ನಿಂತಂತೆ. ರೆಕ್ಕೆ ಬರೋದು ಕೊನೆಗೆ. ಅಲ್ಲಿಯವರೆಗೆ ಅದು ಪೂರ್ತಿ ನೀರಿನ ಜೀವಿ. ಪೂರ್ತಿ! ಎಷ್ಟು ಸಲ ಹೇಳಿದರೂ ಜನ ರೆಕ್ಕೆಯನ್ನೇ ನೋಡುತ್ತಾರೆ.

ಹೋದ ವರ್ಷ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ಕರೆದರು. ಸೊಳ್ಳೆ ಕಾಟ ಅಂತ ಕೊಳ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದರು. ಪಕ್ಕದಲ್ಲಿ ಕೆಸರಿನ ಗುಡ್ಡೆ. ಅದರಲ್ಲಿ ಸೊಳ್ಳೆ ಮರಿ ತಿನ್ನುವ ಈ ಮರಿಗಳು ಬಿಸಿಲಿಗೆ ಒಣಗಿ ಬಿದ್ದಿದ್ದವು. "ಚಿಟ್ಟೆ ಎಲ್ಲಿಂದಾದ್ರೂ ಹಾರಿ ಬರುತ್ತೆ ಬಿಡಿ ಸಾರ್" ಅಂದರು ಕಾರ್ಯದರ್ಶಿ. ಬರುತ್ತೆ, ನಿಜ. ಪ್ಯಾಂಟಾಲಾ ಫ್ಲೇವೆಸೆನ್ಸ್ ಅನ್ನೋ ಹಳದಿ ಜಾತಿ ಹಿಂದೂ ಮಹಾಸಾಗರವನ್ನೇ ದಾಟುತ್ತೆ. ಮಳೆನೀರಿನ ಗುಂಡಿಯಲ್ಲೂ ಮೊಟ್ಟೆ ಇಡುತ್ತೆ. ಆದರೆ ಆ ಮೊಟ್ಟೆಗೆ ರೆಕ್ಕೆ ಬರಲು ವಾರಗಟ್ಟಲೆ ನೀರು ಬೇಕಲ್ಲ ಸ್ವಾಮಿ, ಇವರು ತಿಂಗಳಿಗೊಮ್ಮೆ ತೊಳೆದರೆ ಹೇಗೆ?

ಹಾಗಂತ ಈ ಮರಿಗಳಿದ್ದರೆ ಡೆಂಗಿ ಬರಲ್ಲ ಅಂತ ನಾನು ಹೇಳಲಾರೆ. ಆ ಸೊಳ್ಳೆಗೆ ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮೇ ಸಾಕು. ಅವನ್ನು ಮೊದಲು ಬೋರಲು ಹಾಕಿ.

ಈಗ ಅಲ್ಲಿ ಅರ್ಧ ನೀರು ಉಳಿಸಿಕೊಂಡೇ ಕೊಳ ತೊಳೆಯುತ್ತಾರೆ, ಬ್ಲೀಚಿಂಗ್ ಇಲ್ಲದೆ. ವಾಚ್‌ಮನ್ ಒಬ್ಬರು ರೆಕ್ಕೆ ಬಂದು ಹಾರುವಾಗ ಮರಿಗಳು ಕಳಚಿಟ್ಟು ಹೋದ, ಜೊಂಡಿನ ಕಡ್ಡಿಗೆ ಅಂಟಿದ ಖಾಲಿ ಸಿಪ್ಪೆಗಳನ್ನು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಿದ್ದಾರೆ. ಬೆನ್ನು ಸೀಳಿ, ಬಿಳಿ ದಾರದಂಥ ಎಳೆಗಳು ಹೊರಬಂದಿರುವ ಸಿಪ್ಪೆಗಳು. ಹೋದ ಸಲ ಎಣಿಸಿದಾಗ 11 ಇದ್ದವು.