ಪದ ಪರಿಚಯ: ಸಿಂಥೆಟಿಕ್ ಬಯಾಲಜಿ

ಸಿಂಥೆಟಿಕ್ ಅಂದ ಕೂಡಲೇ ನಮಗೆ ನೆನಪಾಗುವುದು ನೈಲಾನ್ ಸೀರೆ, ಪ್ಲಾಸ್ಟಿಕ್ ಹೂವು. ಅದಕ್ಕೇ ಸಿಂಥೆಟಿಕ್ ಬಯಾಲಜಿಯನ್ನು ಎಷ್ಟೋ ಸಲ ‘ಕೃತಕ ಜೀವಶಾಸ್ತ್ರ’ ಎಂದು ಬರೆದುಬಿಡುತ್ತೇವೆ. ನನಗೆ ಆ ಪದ ಸರಿ ಅನಿಸುವುದಿಲ್ಲ. ಮೂಲ ಗ್ರೀಕ್ ಪದದ ಅರ್ಥ ‘ಒಟ್ಟಿಗೆ ಸೇರಿಸುವುದು’. ಇಲ್ಲಿ ಜೀನ್ ನಿಜ, ಜೀವಕೋಶ ನಿಜ, ಅದು ಮಾಡುವ ಪ್ರೋಟೀನೂ ನಿಜ. ಹೊಸದಾಗಿರುವುದು ಅವುಗಳ ಜೋಡಣೆ.

2000ದ ಜನವರಿಯಲ್ಲಿ ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದ ಮೂವರು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತಿಮೋತಿ ಗಾರ್ಡ್ನರ್, ಚಾರ್ಲ್ಸ್ ಕ್ಯಾಂಟರ್, ಜೇಮ್ಸ್ ಕಾಲಿನ್ಸ್ ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ಒಂದು ಸ್ವಿಚ್ ಕಟ್ಟಿದರು.

ಮನೆಯ ಕಾಲಿಂಗ್ ಬೆಲ್ ಒತ್ತಿದಷ್ಟು ಹೊತ್ತು ಮಾತ್ರ ಬಾರಿಸುತ್ತದೆ. ಲೈಟಿನ ಸ್ವಿಚ್ ಹಾಗಲ್ಲ. ಹಾಕಿ ಕೈ ತೆಗೆದರೂ ದೀಪ ಉರಿಯುತ್ತಲೇ ಇರುತ್ತದೆ. ಅವರಿಗೆ ಬೇಕಿದ್ದದ್ದು ಈ ಎರಡನೆಯ ಬಗೆಯದು. ಅದಕ್ಕಾಗಿ ಎರಡು ಜೀನ್‌ಗಳನ್ನು ಎದುರುಬದುರು ನಿಲ್ಲಿಸಿದರು. ಮೊದಲನೆಯದು ಮಾಡುವ ಪ್ರೋಟೀನ್ ಎರಡನೆಯದರ ಬಾಯಿ ಮುಚ್ಚಿಸುತ್ತದೆ, ಎರಡನೆಯದರದು ಮೊದಲನೆಯದರ ಬಾಯಿ ಮುಚ್ಚಿಸುತ್ತದೆ. ಯಾರು ಒಮ್ಮೆ ಗೆದ್ದರೋ ಅವರದೇ ದರ್ಬಾರು. ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ ಸ್ವಿಚ್ ಒಂದು ಕಡೆ ತಿರುಗಿ, ಬ್ಯಾಕ್ಟೀರಿಯಾ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಆ ರಾಸಾಯನಿಕವನ್ನು ತೊಳೆದು ತೆಗೆದರೂ ಹೊಳಪು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು 42 ಡಿಗ್ರಿ ಶಾಖ ಕೊಟ್ಟರೆ ಸ್ವಿಚ್ ಹಿಂದಕ್ಕೆ ತಿರುಗುತ್ತದೆ. ಒಂದು ಕೋಶಕ್ಕೆ ತನಗೆ ಏನಾಗಿತ್ತು ಎಂಬ ನೆನಪು ಬಂದಂತಾಯಿತು, ಅಲ್ವಾ?

ಈ ಜೀನ್‌ಗಳು ಹೊಸವೇನಲ್ಲ. ಬ್ಯಾಕ್ಟೀರಿಯಾದಲ್ಲಿ ಜೀನ್ ಹೇಗೆ ಆನ್ ಆಗುತ್ತದೆ, ಹೇಗೆ ಆಫ್ ಆಗುತ್ತದೆ ಎಂಬುದನ್ನು ಪ್ಯಾರಿಸ್‌ನಲ್ಲಿ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲೇ ವಿವರಿಸಿದ್ದರು. ಅವರ ಅಧ್ಯಯನದಲ್ಲಿದ್ದ ತಡೆಗಾರ ಪ್ರೋಟೀನೇ ಬೋಸ್ಟನ್ನಿನ ಸ್ವಿಚ್ಚಿಗೂ ಬಿಡಿಭಾಗವಾಯಿತು.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಪದ ಸಿಸ್ಟಮ್ಸ್ ಬಯಾಲಜಿ. ಒಂದೊಂದೇ ಜೀನನ್ನು ಬಿಡಿಬಿಡಿಯಾಗಿ ನೋಡದೆ, ಎಲ್ಲವೂ ಸೇರಿ ಹೇಗೆ ನಡೆದುಕೊಳ್ಳುತ್ತವೆ ಎಂದು ಅಳೆದು, ಲೆಕ್ಕ ಹಾಕಿ ನೋಡುವ ಶಾಸ್ತ್ರ ಅದು. ವಿಶ್ವವಿದ್ಯಾಲಯಗಳಲ್ಲಿ ಇವೆರಡನ್ನೂ ಒಂದೇ ಕೇಂದ್ರದಲ್ಲಿ ಇಡುವುದು ಸುಮ್ನೆ ಅಲ್ಲ. ಬೋಸ್ಟನ್ನಿನವರು ಎರಡು ಸಮೀಕರಣ ಬರೆದು ನೋಡಿದ್ದರು. ಎರಡೂ ಜೀನ್‌ಗಳ ಬಲ ಹೆಚ್ಚುಕಡಿಮೆ ಸರಿಸಮ ಇರಬೇಕು, ಒಂದರ ಬಲ ತೀರಾ ಜಾಸ್ತಿಯಾದರೆ ಯಾವಾಗಲೂ ಅದೇ ಗೆಲ್ಲುತ್ತದೆ ಎಂದು ಲೆಕ್ಕ ಹೇಳಿತ್ತು. ಅವರು ಕಟ್ಟಿ ನೋಡಿದ ಸ್ವಿಚ್‌ಗಳಲ್ಲಿ ಒಂದು ಮಾತ್ರ ತಿರುಗಿಸಿದ ಕಡೆ ಉಳಿಯಲೇ ಇಲ್ಲ, ಅದರ ಎರಡು ತಡೆಗಾರ ಪ್ರೋಟೀನ್‌ಗಳಲ್ಲಿ ಒಂದರ ಬಲ ಸಾಲಲಿಲ್ಲ. ನನಗೆ ಗೆದ್ದ ಸ್ವಿಚ್‌ಗಳಿಗಿಂತ ಆ ಸೋತದ್ದೇ ಜಾಸ್ತಿ ಇಷ್ಟ. ಲೆಕ್ಕ ಯಾಕೆ ಬೇಕು ಎಂದು ತೋರಿಸಿಕೊಟ್ಟದ್ದು ಅದು.

ನೇಚರ್‌ನ ಅದೇ ಸಂಚಿಕೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೈಕಲ್ ಎಲೋವಿಟ್ಜ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ ಮೂರು ಜೀನ್‌ಗಳನ್ನು ಉಂಗುರದಂತೆ ಜೋಡಿಸಿದ್ದರು. ಅವರ ಬ್ಯಾಕ್ಟೀರಿಯಾ ಗಡಿಯಾರದಂತೆ ಮಿನುಗುತ್ತಿತ್ತು. ಆದರೆ ಅಕ್ಕಪಕ್ಕದ ಕೋಶಗಳ ತಾಳ ಮಾತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ.

ನಮ್ಮ ಬೆಂಗಳೂರಿನದೂ ಒಂದು ಕಥೆ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಐಜೆಮ್ ಎಂಬ ವಿದ್ಯಾರ್ಥಿ ಸ್ಪರ್ಧೆಗಾಗಿ 2009ರಲ್ಲಿ ಸೃಷ್ಟಿ ಕಲಾ ಶಾಲೆಯ ಹುಡುಗ ಹುಡುಗಿಯರು ಇ. ಕೋಲೈಗೆ ಜಿಯೋಸ್ಮಿನ್ ಮಾಡುವ ಜೀನ್ ಸೇರಿಸುವ ಕೆಲಸ ಕೈಗೆತ್ತಿಕೊಂಡರು. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲಿ ಇರುವುದು ಈ ಜಿಯೋಸ್ಮಿನ್. ಅದನ್ನು ‘ಕೃತಕ’ ವಾಸನೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಮಾಡಲಿ, ಲ್ಯಾಬಿನ ಬ್ಯಾಕ್ಟೀರಿಯಾ ಮಾಡಲಿ, ಜಿಯೋಸ್ಮಿನ್ ಜಿಯೋಸ್ಮಿನ್ನೇ.