ಮರಕ್ಕೂ ಗಾಣಕ್ಕೂ ನಡುವಿನ ಒಂದು ದಿನ

ಒಳ್ಳೆಯ ಆಲಿವ್ ಎಣ್ಣೆಯನ್ನು ಒಂದು ಚಮಚ ಹಾಗೆಯೇ ಕುಡಿದರೆ ಗಂಟಲಿನ ಹಿಂಭಾಗದಲ್ಲಿ ಕಾಳುಮೆಣಸಿನಂಥ ಉರಿ ಏಳುತ್ತದೆ. ಕೆಲವರಿಗೆ ಕೆಮ್ಮೂ ಬರುತ್ತದೆ. ಎಣ್ಣೆ ಕೆಟ್ಟಿದೆಯೆಂದು ಬಾಟಲಿಯನ್ನು ಬದಿಗಿಡುವವರಿದ್ದಾರೆ, ಆದರೆ ನಿಜಕ್ಕೂ ಅದು ತಾಜಾತನದ ಗುರುತು. ಈ ಉರಿಗೆ ಕಾರಣವಾದ ಒಲಿಯೋಕ್ಯಾಂಥಾಲ್ ಎಂಬ ಸಂಯುಕ್ತವು ಐಬುಪ್ರೊಫೇನ್ ಮಾತ್ರೆಯಂತೆಯೇ ಉರಿಯೂತಕ್ಕೆ ಸಂಬಂಧಿಸಿದ ಕಿಣ್ವಗಳನ್ನು ತಡೆಯುತ್ತದೆಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 2005ರಲ್ಲಿ ತೋರಿಸಿದರು. (ಚಮಚದಲ್ಲಿರುವ ಪ್ರಮಾಣ ಮಾತ್ರೆಗೆ ಸಾಟಿಯಲ್ಲ, ತಲೆನೋವಿಗೆ ಎಣ್ಣೆ ಕುಡಿಯಬೇಕಾಗಿಲ್ಲ.)

ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದ ಆಲಿವ್ ಮರದ ಎಣ್ಣೆ ಮುಖ್ಯವಾಗಿ ಹಣ್ಣಿನ ತಿರುಳಿನಿಂದ ಬರುತ್ತದೆ. ಶೇಂಗಾ, ಕೊಬ್ಬರಿಗಳನ್ನು ಒಣಗಿಸಿ ತಿಂಗಳುಗಟ್ಟಲೆ ಇಟ್ಟು ಗಾಣಕ್ಕೆ ಹಾಕಬಹುದು. ನೀರು ತುಂಬಿದ ತಿರುಳು ಅಷ್ಟು ದಿನ ಕಾಯುವುದಿಲ್ಲ. ಹಣ್ಣು ಜಜ್ಜಿದ ಕೂಡಲೇ ಜೀವಕೋಶಗಳು ಒಡೆದು, ಲೈಪೇಸ್ ಎಂಬ ಕಿಣ್ವವು ಎಣ್ಣೆಯ ಅಣುಗಳಿಂದ ಕೊಬ್ಬಿನಾಮ್ಲಗಳನ್ನು ಬಿಡಿಸತೊಡಗುತ್ತದೆ. ಹೀಗೆ ಬಿಡಿಯಾದ ಆಮ್ಲ ಶೇ 0.8 ಮೀರದಿದ್ದರೆ ಮಾತ್ರ ಎಣ್ಣೆ ‘ಎಕ್ಸ್‌ಟ್ರಾ ವರ್ಜಿನ್’ ಎನಿಸಿಕೊಳ್ಳಬಹುದು. ಶೇ 2ರವರೆಗೆ ‘ವರ್ಜಿನ್’. ಅದನ್ನೂ ಬಹಳ ಮೀರಿದ್ದು ‘ಲ್ಯಾಂಪಾಂಟೆ’, ಅಂದರೆ ದೀಪದೆಣ್ಣೆ, ಶುದ್ಧೀಕರಿಸದೆ ತಿನ್ನಲು ಬಾರದು. ಚೀಲದಲ್ಲಿ ಒತ್ತೊತ್ತಾಗಿ ತುಂಬಿಟ್ಟ ಹಣ್ಣು ಉಸಿರಾಡುತ್ತಾ ಬಿಸಿಯಾಗುತ್ತದೆ, ಗಾಳಿಯಾಡದ ನಡುಭಾಗದಲ್ಲಿ ಹುಳಿತು ಮುಗ್ಗಲು ವಾಸನೆ ಹಿಡಿಯುತ್ತದೆ. ರುಚಿ ನೋಡುವ ತಜ್ಞರ ಮಂಡಳಿಗೆ ಆ ವಾಸನೆ ಸಿಕ್ಕಿಬಿದ್ದರೆ, ಆಮ್ಲದ ಅಂಕಿ ಎಷ್ಟೇ ಚೆನ್ನಾಗಿದ್ದರೂ ಎಣ್ಣೆ ಮೇಲಿನ ದರ್ಜೆ ಕಳೆದುಕೊಳ್ಳುತ್ತದೆ.

ಆದ್ದರಿಂದ ಎಣ್ಣೆಯ ಬೆಲೆ ಬಹುಮಟ್ಟಿಗೆ ನಿರ್ಧಾರವಾಗುವುದು ಹಣ್ಣು ಮರ ಬಿಟ್ಟ ಮೇಲಿನ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ. ಪ್ಯಾಲೆಸ್ಟೀನಿನ ಸಣ್ಣ ರೈತನ ಕೈಯಲ್ಲಿ ಇಲ್ಲದಿರುವುದು ಅದೇ ಹೊತ್ತು. ವೆಸ್ಟ್ ಬ್ಯಾಂಕಿನ ಜೆನಿನ್, ನಾಬ್ಲಸ್, ಸಲ್ಫೀತ್ ಸುತ್ತಲಿನ ಗುಡ್ಡಗಳಲ್ಲಿ ಕಲ್ಲು ಪೇರಿಸಿದ ಪಾಗಾರಗಳ ನಡುವೆ ಬೆಳೆದ ಮರಗಳು ಬಹುಪಾಲು ಮಳೆಯನ್ನೇ ನಂಬಿದವು. ಅಕ್ಟೋಬರಿನ ಮೊದಲ ಮಳೆ ಎಲೆಯ ಮೇಲಿನ ಧೂಳು ತೊಳೆದ ಮೇಲೆ ಮನೆಮಂದಿಯೆಲ್ಲ ತೋಟಕ್ಕಿಳಿದು, ಮರದಡಿ ಬಟ್ಟೆ ಹಾಸಿ ಕೊಯ್ಯುತ್ತಾರೆ. ಒಂದು ಮನೆಯ ಒಂದು ದಿನದ ಕೊಯ್ಲು ಗಾಣದ ಒಂದು ಸರದಿಗೂ ಸಾಲದಿದ್ದಾಗ ಚೀಲಗಳು ಮನೆಯ ಮೂಲೆಯಲ್ಲಿ ದಿನಗಟ್ಟಲೆ ಕಾಯುತ್ತವೆ. 2002ರಿಂದ ಇಸ್ರೇಲ್ ಕಟ್ಟಿದ ಪ್ರತ್ಯೇಕತಾ ಗೋಡೆಯ ಆಚೆ ತೋಟ ಉಳಿದವರಿಗಂತೂ ತಮ್ಮದೇ ಮರದ ಬಳಿ ಹೋಗಲು ಇಸ್ರೇಲಿ ಸೇನೆಯ ಪರವಾನಗಿ ಬೇಕು. ಹಲವು ಗೇಟುಗಳು ತೆರೆಯುವುದು ಸುಗ್ಗಿಯ ಕೆಲವು ದಿನ, ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ. ಅಂಥವರು ಅವಸರಕ್ಕೆ ಕೋಲಿನಿಂದ ಬಡಿದು ಹಣ್ಣು ಉದುರಿಸಿದರೆ ತಪ್ಪು ಹೇಳಲಾಗದು, ಆದರೆ ಕೋಲು ಹಣ್ಣನ್ನು ಜಜ್ಜುವುದರ ಜೊತೆಗೆ ಮುಂದಿನ ವರ್ಷ ಹೂ ಬಿಡಬೇಕಾದ ಚಿಗುರನ್ನೂ ಮುರಿಯುತ್ತದೆ.

ಈ ತೊಡಕಿಗೆ ಒಂದು ಉತ್ತರ ಫೇರ್ ಟ್ರೇಡ್, ಅಂದರೆ ನ್ಯಾಯಯುತ ವ್ಯಾಪಾರ. ಅದೆಂದರೆ ಕೊಳ್ಳುವವನು ಕರುಣೆಯಿಂದ ನಾಲ್ಕು ಕಾಸು ಹೆಚ್ಚು ಕೊಡುವುದು ಎಂದುಕೊಂಡರೆ ಅರ್ಧವಷ್ಟೇ ತಿಳಿದಂತೆ. ಮಾನವಶಾಸ್ತ್ರಜ್ಞ ನಾಸಿರ್ ಅಬೂಫರ್ಹಾ 2004ರಲ್ಲಿ ಜೆನಿನ್ ಪ್ರದೇಶದಲ್ಲಿ ಪ್ಯಾಲೆಸ್ಟೀನ್ ಫೇರ್ ಟ್ರೇಡ್ ಸಂಘವನ್ನು ಕಟ್ಟಲು ಮುಂದಾದರು. ಇಂದು ಸಾವಿರಕ್ಕೂ ಹೆಚ್ಚು ರೈತರು ಊರೂರಿನ ಸಹಕಾರಿಗಳ ಮೂಲಕ ಅದರಲ್ಲಿದ್ದಾರೆ. ಇಂಥ ವ್ಯವಸ್ಥೆಯಲ್ಲಿ ಕೈಯಿಂದ ಕೊಯ್ದು, ಗಾಳಿಯಾಡುವ ತೂತಿನ ಕ್ರೇಟುಗಳಲ್ಲಿ ತುಂಬಿ, ಸಾಧ್ಯವಾದಷ್ಟು ಅದೇ ದಿನ ಗಾಣ ಮುಟ್ಟಿಸುವುದಕ್ಕೆ ಒತ್ತು ಇರುತ್ತದೆ. ಅರೆದ ತಿರುಳನ್ನು 27 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗದಂತೆ ಕಲಸಿ ಎಣ್ಣೆ ಬೇರ್ಪಡಿಸಿದರೆ ಪರಿಮಳ ಉಳಿಯುತ್ತದೆ. ಹೆಚ್ಚು ಕಾಯಿಸಿದರೆ ಎಣ್ಣೆ ತುಸು ಹೆಚ್ಚು ಇಳಿಯುತ್ತದೆ, ಗುಣ ಹೋಗುತ್ತದೆ. ನಿಧಾನ ಕೊಯ್ಲಿನ ಕೂಲಿಯನ್ನೂ ಕಡಿಮೆ ಇಳುವರಿಯ ನಷ್ಟವನ್ನೂ ತುಂಬಿಕೊಡುವಂಥ ಕನಿಷ್ಠ ಬೆಲೆ ಮೊದಲೇ ಖಾತ್ರಿಯಿದ್ದಾಗ ಮಾತ್ರ ರೈತ ಈ ಕಷ್ಟಕ್ಕೆ ಒಪ್ಪುತ್ತಾನೆ. ಅದರ ಮೇಲೆ ಬರುವ ಹೆಚ್ಚುವರಿ ಮೊತ್ತವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಸಹಕಾರಿಯ ತೀರ್ಮಾನ. 2009ರಲ್ಲಿ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಫೇರ್‌ಟ್ರೇಡ್ ಮುದ್ರೆ ಹೊತ್ತು ಬಂದ ಮೊದಲ ಆಲಿವ್ ಎಣ್ಣೆ ಪ್ಯಾಲೆಸ್ಟೀನಿನದ್ದೇ.

ಆದರೆ ಖಾತ್ರಿ ಬೆಲೆ ಗೇಟು ತೆರೆಯಿಸಲಾರದು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ಗೋಡೆಯಾಚೆಗೂ ಇಸ್ರೇಲಿ ವಸಾಹತುಗಳ ಬಳಿಗೂ ಹೋಗುವುದು ಬಹುಮಟ್ಟಿಗೆ ನಿಂತು, ವಿಶ್ವಸಂಸ್ಥೆಯ ಲೆಕ್ಕದಂತೆ ಆ ಸುಗ್ಗಿಯಲ್ಲಿ ವೆಸ್ಟ್ ಬ್ಯಾಂಕಿನ 96,000ಕ್ಕೂ ಹೆಚ್ಚು ದುನಮ್ ತೋಟ ಕೊಯ್ಲಾಗದೆ ಉಳಿಯಿತು. ಒಂದು ದುನಮ್ ಎಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು ಗುಂಟೆ. ನಮ್ಮ ಮಾವಿನಂತೆ ಆಲಿವ್ ಕೂಡ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಬಿಡುವು ತೆಗೆದುಕೊಳ್ಳುವ ಮರ. ಹಣ್ಣು ಕೊಯ್ಯದೆ ಕೊಂಬೆಯಲ್ಲೇ ಉಳಿದಷ್ಟೂ ಅದರೊಳಗಿನ ಆಮ್ಲ ಏರುತ್ತಾ ಹೋಗುತ್ತದೆ, ಮರುವಸಂತದ ಹೂವೂ ಕಡಿಮೆಯಾಗುವ ಸಂಭವ ಹೆಚ್ಚುತ್ತದೆ.